ಪಕ್ಕದ ಸೈಟಿನಲ್ಲಿ ಹನ್ನೆರಡು ಫ್ಲಾಟ್ ಬಂದರೆ ನಮ್ಮ ಬೀದಿ ಕೆಡುತ್ತಾ?

ಪ್ರಶ್ನೆ: ನಮ್ಮದು ನಗರದ ಅಂಚಿನಲ್ಲಿ ಬೆಳೆಯುತ್ತಿರುವ ಬಡಾವಣೆ. ಇಲ್ಲಿವರೆಗೆ ಎಲ್ಲ ಒಂಟಿ ಮನೆಗಳೇ. ಈಗ ಪಕ್ಕದ ಹಳೇ ಮನೆ ಕೆಡವಿ, ನಾಲ್ಕು ಮಹಡಿಯಲ್ಲಿ ಹನ್ನೆರಡು ಫ್ಲಾಟ್ ಕಟ್ಟಲು ಅರ್ಜಿ ಹಾಕಿದ್ದಾರೆ. ಟ್ರಾಫಿಕ್ ಜಾಸ್ತಿಯಾಗುತ್ತೆ, ಚರಂಡಿ ಕಟ್ಟಿಕೊಳ್ಳುತ್ತೆ, ಮನೆ ಬೆಲೆ ಬೀಳುತ್ತೆ ಅಂತ ಅಕ್ಕಪಕ್ಕದವರೆಲ್ಲ ಹೇಳುತ್ತಿದ್ದಾರೆ. ನಾವೂ ವಿರೋಧಿಸಬೇಕಾ, ಸುಮ್ನೆ ಇರಬೇಕಾ?

ಉತ್ತರ: ಸುಮ್ನೆ ಇರಬೇಡಿ. ಆದರೆ ಜಗಳ ಆಡುವುದಾದರೆ ಸರಿಯಾದ ವಿಷಯಕ್ಕೆ ಆಡಿ. ಇಂಥ ಅರ್ಜಿಗಳ ಬಗ್ಗೆ ನಡೆಯುವ ಸಭೆಗಳಲ್ಲಿ ಎಲ್ಲರ ಕಣ್ಣು ಮಹಡಿಗಳ ಮೇಲೆ. ನಾಲ್ಕು ಬೇಡ, ಮೂರು ಮಾಡಿ ಅಂತ ಗಂಟೆಗಟ್ಟಲೆ ಚೌಕಾಸಿ ನಡೆಯುತ್ತದೆ. ಆದರೆ ನಿಮ್ಮ ದಿನನಿತ್ಯದ ಬದುಕಿಗೆ ತೊಂದರೆ ಬರುವುದಾದರೆ, ಅದು ಬರುವುದು ನೆಲದಡಿಯ ಪೈಪಿನಿಂದ ಮತ್ತು ಕಾರು ಹೊರಬರುವ ಗೇಟಿನಿಂದ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಒಂದು ಎಕರೆಯಲ್ಲಿ ಎಷ್ಟು ಮನೆ ಅನ್ನುವುದು ದಟ್ಟಣೆ. ಒಂದು ಕೋಣೆಯಲ್ಲಿ ಎಷ್ಟು ಜನ ಅನ್ನುವುದು ಇಕ್ಕಟ್ಟು. ಎರಡೂ ಒಂದೇ ಅಲ್ಲ. ಬಾಡಿಗೆ ಕೈಗೆ ಸಿಗದೆ ಎರಡು ಸಂಸಾರ ಒಂದೇ ಮನೆಯಲ್ಲಿ ಇದ್ದರೆ, ಹೊರಗಿನಿಂದ ಬೀದಿ ಖಾಲಿಯಾಗಿಯೇ ಕಾಣುತ್ತದೆ. ಇಕ್ಕಟ್ಟು ಒಳಗಿರುತ್ತದೆ.

ನೆರಳಿನ ದೂರು ಸುಳ್ಳಲ್ಲ, ಆದರೆ ಅದನ್ನು ಲೆಕ್ಕ ಹಾಕಬಹುದು. ನಾಲ್ಕು ಮಹಡಿ ಅಂದರೆ ಸುಮಾರು 12 ಮೀಟರ್ ಎತ್ತರ. ಸೂರ್ಯ 45 ಡಿಗ್ರಿ ಮೇಲಿದ್ದಾಗ ನೆರಳೂ 12 ಮೀಟರ್. 30 ಡಿಗ್ರಿಗೆ ಇಳಿದರೆ ಸುಮಾರು 21 ಮೀಟರ್. ವರ್ಷದ ಅತಿ ಚಿಕ್ಕ ಹಗಲಿನಲ್ಲಿ ನೆರಳು ಎಲ್ಲಿ ಬೀಳುತ್ತದೆ ಅಂತ ನಕ್ಷೆಯಲ್ಲಿ ತೋರಿಸಿ ಎಂದು ಬಿಲ್ಡರ್‌ನ ಕೇಳಿ. ಒಂದು ಮಹಡಿ ಕಡಿಮೆ ಮಾಡಿಸುವುದಕ್ಕಿಂತ, ಕಟ್ಟಡವನ್ನು ಎರಡು ಮೀಟರ್ ಆಚೆ ಸರಿಸಿದರೆ ಅಥವಾ ಮೇಲಿನ ಮಹಡಿಯನ್ನು ಒಳಕ್ಕೆ ಎಳೆದರೆ ನಿಮ್ಮ ಕಿಟಕಿಗೆ ಜಾಸ್ತಿ ಬೆಳಕು ಸಿಗಬಹುದು.

ಟ್ರಾಫಿಕ್‌ಗೂ ಲೆಕ್ಕ ಇದೆ. ಅಮೆರಿಕದ ಸಾರಿಗೆ ಎಂಜಿನಿಯರುಗಳು ಬಳಸುವ ಕೈಪಿಡಿಯ ಪ್ರಕಾರ, ಒಂಟಿ ಮನೆಯೊಂದಕ್ಕೆ ದಿನಕ್ಕೆ ಒಂಬತ್ತು-ಹತ್ತು ಸಲ ವಾಹನ ಓಡಾಡುತ್ತದೆ (ಹೊರಟದ್ದು ಒಂದು ಸಲ, ವಾಪಸ್ ಬಂದದ್ದು ಇನ್ನೊಂದು ಸಲ). ನಾಲ್ಕಾರು ಮಹಡಿಯ ಕಟ್ಟಡದ ಫ್ಲಾಟಿಗೆ ಸುಮಾರು ಐದು. ಅಲ್ಲಿ ಮನೆಗೆ ಒಂದೆರಡು ಕಾರು ಮಾಮೂಲು, ಆದರೂ ಹೀಗೆ. ನಿಮ್ಮ ಹನ್ನೆರಡು ಫ್ಲಾಟಿಗೆ ಅದೇ ಅಳತೆ ಹಿಡಿದರೆ ದಿನಕ್ಕೆ 60 ಸಲ. ಬೆಳಗಿನ ಭರಾಟೆಯ ಒಂದು ಗಂಟೆಗೆ ಅದರಲ್ಲಿ ಹತ್ತನೇ ಒಂದು ಪಾಲು ಅಂದುಕೊಳ್ಳಿ, ಹತ್ತು ನಿಮಿಷಕ್ಕೊಂದು ಕಾರು. ಇದಕ್ಕೆ ಬೀದಿ ಕೆಡುವುದಿಲ್ಲ. ನೂರಿಪ್ಪತ್ತು ಫ್ಲಾಟ್ ಆದರೆ ಮಾತು ಬೇರೆ, ಆಗ ನಿಮಿಷಕ್ಕೊಂದು.

ಈಗ ಪೈಪು. ಒಳಚರಂಡಿಯ ನೀರು ಸಾಮಾನ್ಯವಾಗಿ ಇಳಿಜಾರನ್ನು ನಂಬಿ ಹರಿಯುತ್ತದೆ, ಪಂಪಿನಿಂದಲ್ಲ. ಪೈಪ್ ಹಾಕುವಾಗಲೇ ಮುಂದೆ ಇಷ್ಟು ಜನ ಬರಬಹುದು ಅಂತ ಲೆಕ್ಕ ಹಾಕಿ, ಒಂದಿಷ್ಟು ಜಾಗ ಬಿಟ್ಟಿರುತ್ತಾರೆ. ಆ ಜಾಗ ಈಗಾಗಲೇ ತುಂಬಿದ್ದರೆ, ಎಲ್ಲರೂ ಸ್ನಾನ ಮಾಡುವ ಬೆಳಗಿನ ಹೊತ್ತಿನಲ್ಲಿ ನೀರು ಹಿಂದಕ್ಕೆ ಒತ್ತುತ್ತದೆ. ಮೊದಲು ಗೊತ್ತಾಗುವುದು ತಗ್ಗಿನಲ್ಲಿರುವ ಮನೆಯ ಬಚ್ಚಲಿನಲ್ಲಿ. ಹಾಗಾಗಿ ಬೀದಿಯ ಕೊನೆಯ, ತಗ್ಗಿನ ಮನೆಯವರನ್ನು ಹೋಗಿ ಕೇಳಿ: ಈಗಲೇ ಉಕ್ಕುತ್ತಾ? ಉಕ್ಕುತ್ತದೆ ಅಂದರೆ ನಿಮ್ಮ ಆಕ್ಷೇಪಣೆಗೆ ಗಟ್ಟಿ ಬುಡ ಸಿಕ್ಕಿತು.

ಆದರೆ ಉಲ್ಟಾನೂ ಆಗುತ್ತದೆ. ಕೊಳಚೆ ತನ್ನ ಕೆಸರನ್ನು ತಾನೇ ತಳ್ಳಿಕೊಂಡು ಹೋಗಲು ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗ ಬೇಕು. ದೊಡ್ಡ ಪೈಪಿಗೆ ಬೆರಳೆಣಿಕೆಯ ಮನೆಗಳಿದ್ದರೆ ಆ ವೇಗ ಬರುವುದಿಲ್ಲ, ಕೆಸರು ತಳದಲ್ಲಿ ಕೂರುತ್ತದೆ. ಅಂದರೆ ಮನೆ ಕಡಿಮೆಯಾದರೂ ಚರಂಡಿ ಕಟ್ಟಿಕೊಳ್ಳಬಹುದು! ಇದನ್ನು ಸಭೆಯಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಮನೆ ಬೆಲೆಯ ವಿಷಯದಲ್ಲಿ ಜಮೀನು ಮತ್ತು ಮನೆ, ಎರಡನ್ನೂ ಬೇರೆಯಾಗಿ ನೋಡಬೇಕು. ನಿಮ್ಮ ಸೈಟಿನಲ್ಲೂ ಜಾಸ್ತಿ ಮನೆ ಕಟ್ಟಬಹುದು ಅಂತ ನಿಯಮ ಬದಲಾದರೆ, ನಿಮ್ಮ ಜಮೀನಿನ ಬೆಲೆ ಏರುವ ಸಾಧ್ಯತೆಯೇ ಹೆಚ್ಚು. ಶಿಕಾಗೋದಲ್ಲಿ 2013 ಮತ್ತು 2015ರಲ್ಲಿ ರೈಲು ನಿಲ್ದಾಣಗಳ ಸುತ್ತ ಮಾತ್ರ ಹೀಗೆ ಸಡಿಲಿಸಿದರು. ಆಮೇಲೆ ನಡೆದ ಅಧ್ಯಯನದಲ್ಲಿ ಆಸ್ತಿ ಬೆಲೆ ಏರಿದ್ದು ಕಂಡಿತು, ಆದರೆ ಆ ಕೆಲವು ವರ್ಷಗಳಲ್ಲಿ ಹೊಸ ಮನೆಗಳ ಪರವಾನಗಿ ಏರಲಿಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ 2016ರಲ್ಲಿ ವಸತಿ ಜಮೀನಿನ ಸುಮಾರು ಮುಕ್ಕಾಲು ಪಾಲಿಗೆ ಒಟ್ಟಿಗೇ ಸಡಿಲಿಸಿತು. ಅಲ್ಲಿ ಕಟ್ಟಡ ಪರವಾನಗಿಗಳು ಜೋರಾಗಿ ಏರಿದವು. ನನಗೆ ಕಾಣುವ ವ್ಯತ್ಯಾಸ ಇಷ್ಟೇ: ನಾಲ್ಕು ಬೀದಿಗೆ ಮಾತ್ರ ಅನುಮತಿ ಕೊಟ್ಟರೆ ಲಾಭ ಆ ನಾಲ್ಕು ಬೀದಿಯ ಜಮೀನಿನವರಿಗೆ. ಊರಿಗೆಲ್ಲ ಕೊಟ್ಟರೆ ಬಿಲ್ಡರುಗಳು ಒಬ್ಬರಿಗೊಬ್ಬರು ಪೈಪೋಟಿ ಕೊಡಲೇಬೇಕಾಗುತ್ತದೆ.

ಫ್ಲಾಟಿನವರು ಬಂದರೆ ಬಡಾವಣೆಯ ಮರ್ಯಾದೆ ಹೋಗುತ್ತೆ ಅನ್ನುವ ಮಾತೂ ಬರುತ್ತದೆ, ಸ್ವಲ್ಪ ಮೆಲ್ಲಗೆ. ಅದು ಹೊಸದಲ್ಲ. ಅಮೆರಿಕದಲ್ಲಿ ಕ್ಲೀವ್‌ಲ್ಯಾಂಡ್ ನಗರದ ಅಂಚಿನ ಯೂಕ್ಲಿಡ್ ಅನ್ನುವ ಊರಿನ ಜೋನಿಂಗ್ ನಿಯಮ (ಯಾವ ಜಾಗದಲ್ಲಿ ಎಂಥ ಕಟ್ಟಡ ಕಟ್ಟಬಹುದು ಅನ್ನುವ ನಿಯಮ) 1926ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ನಿಯಮವನ್ನು ಎತ್ತಿಹಿಡಿದ ಕೋರ್ಟು, ಒಂಟಿ ಮನೆಗಳ ನಡುವಿನ ಅಪಾರ್ಟ್‌ಮೆಂಟನ್ನು ಪರಾವಲಂಬಿ ಜೀವಿಗೆ ಹೋಲಿಸಿತು. ಹತ್ತಿರಹತ್ತಿರ ನೂರು ವರ್ಷದಿಂದ ಅದೇ ಮಾತು ಬೇರೆ ಬೇರೆ ಅಂಗಿ ತೊಟ್ಟು ಓಡಾಡುತ್ತಿದೆ.

ಸಭೆಗೆ ಹೋದಾಗ ಯಾರು ಬಂದಿಲ್ಲ ಅಂತಲೂ ನೋಡಿ. ಬಾಸ್ಟನ್ ಸುತ್ತಲಿನ 97 ಊರುಗಳ ಸಭಾ ನಡಾವಳಿಗಳನ್ನು ಸಂಶೋಧಕರು ಓದಿದಾಗ, ಹೊಸ ಮನೆಗಳ ಪರ ಮಾತಾಡಿದವರು ಸುಮಾರು 15% ಮಾತ್ರ. ಮಾತಾಡಿದವರಲ್ಲಿ ವಯಸ್ಸಾದವರು, ಸ್ವಂತ ಮನೆಯವರೇ ಜಾಸ್ತಿ. ಅದೇನು ಸಂಚಲ್ಲ. ಹನ್ನೆರಡು ಫ್ಲಾಟಿಗೆ ಬರಲಿರುವವರು ಇನ್ನೂ ಬೇರೆಲ್ಲೋ ಬಾಡಿಗೆ ಕಟ್ಟುತ್ತಿದ್ದಾರೆ. ತಮ್ಮ ಮನೆಯ ಬಗ್ಗೆ ಸಭೆ ನಡೀತಿದೆ ಅಂತ ಅವರಿಗೆ ಗೊತ್ತಾಗುವುದಾದರೂ ಹೇಗೆ, ಅಲ್ವಾ?

ಹಾಗಾದರೆ ನೀವು ಬರೆಯಬೇಕಾದ್ದು ಏನು? "ಈ ಕಟ್ಟಡ ಬೇಡ" ಅಂತ ಬರೆದರೆ ಅಧಿಕಾರಿಗಳು ಫೈಲಿಗೆ ಸೇರಿಸಿ ಮುಂದೆ ಹೋಗುತ್ತಾರೆ. "ನಮ್ಮ ಬೀದಿಯ ಒಳಚರಂಡಿಯಲ್ಲಿ ಇನ್ನೆಷ್ಟು ಜಾಗ ಇದೆ, ಸಾಲದಿದ್ದರೆ ಪೈಪ್ ಬದಲಿಸುವ ಖರ್ಚು ಯಾರದ್ದು" ಅಂತ ಬರೆದರೆ ಉತ್ತರಿಸದೆ ಜಾರಿಕೊಳ್ಳುವುದು ಕಷ್ಟ. ಮಳೆನೀರು ಎಲ್ಲಿ ಇಂಗುತ್ತದೆ ಅಂತಲೂ ಕೇಳಿ. ಸಿಕ್ಕ ಉತ್ತರವನ್ನು ಪರವಾನಗಿಯ ಷರತ್ತಾಗಿ ಸೇರಿಸಲು ಒತ್ತಾಯಿಸಿ. ಬಾಯಿಮಾತಿನಲ್ಲಿ ಒಪ್ಪಿಕೊಂಡದ್ದನ್ನು ಫ್ಲಾಟೆಲ್ಲ ಮಾರಿದ ಮೇಲೆ ಯಾರ ಹತ್ತಿರ ಹೋಗಿ ಕೇಳುತ್ತೀರಿ?

ನಕ್ಷೆಯಲ್ಲಿ ಪಾರ್ಕಿಂಗ್ ಗೇಟು ಎಲ್ಲಿದೆ ಅಂತ ಬೆರಳಿಟ್ಟು ಹುಡುಕಿ. ಮಕ್ಕಳು ಶಾಲೆಗೆ ನಡೆದು ಹೋಗುವ ಕಡೆಗೆ ಅದು ತೆರೆದುಕೊಂಡಿದ್ದರೆ, ಇನ್ನೊಂದು ಬದಿಗೆ ತಿರುಗಿಸಿ ಅಂತ ಈಗಲೇ ಹೇಳಿ. ಈಗ ಅದು ಕಾಗದದ ಮೇಲೆ ಪೆನ್ಸಿಲಿನಲ್ಲಿ ಒಂದು ಗೆರೆ ಅಷ್ಟೇ.