ಮೀನು ಕಟ್ಟಿದ ಊರಿಗೆ ಕಾರುಗಳು ಬಂದ ಬಗೆ

ಯುರೋಪ್ ಪ್ರವಾಸಕ್ಕೆ ಹೊರಟವರಿಗೆ ಈಗ ಎಲ್ಲರೂ ಕೊಡುವ ಸಲಹೆ ಹೆಚ್ಚುಕಡಿಮೆ ಒಂದೇ. ವೆನಿಸ್, ಬಾರ್ಸಿಲೋನಾ ಬಿಡಿ, ಅಲ್ಲಿ ಕಾಲಿಡಲು ಜಾಗ ಇಲ್ಲ, ಬೇಸಿಗೆಯಲ್ಲಿ ಬಿಸಿಲು ಬೇರೆ. ನಾರ್ವೆ, ಐಸ್‌ಲ್ಯಾಂಡ್, ಫ್ಯಾರೋ ದ್ವೀಪಗಳ ಕಡೆ ಹೋಗಿ, ಅಲ್ಲಿನ ಸಣ್ಣ ಕಡಲೂರುಗಳಲ್ಲಿ ನಾಲ್ಕು ದಿನ ಇರಿ. ಸಲಹೆ ತಪ್ಪಲ್ಲ. ಆದರೆ ಆ ಕಡೆಯಿಂದ ಬರುವ ಸುದ್ದಿಯೇ ಬೇರೆ. 2019ರ ಏಪ್ರಿಲ್‌ನಲ್ಲಿ ಫ್ಯಾರೋ ದ್ವೀಪದವರು ತಮ್ಮ ಕೆಲವು ಮುಖ್ಯ ತಾಣಗಳನ್ನು ಒಂದು ವಾರಾಂತ್ಯ ಮುಚ್ಚಿದರು. ಹೊರಗಿನಿಂದ ನೂರು ಸ್ವಯಂಸೇವಕರನ್ನು ಕರೆಸಿ ಸವೆದ ಕಾಲುದಾರಿಗಳನ್ನು ರಿಪೇರಿ ಮಾಡಿಸಿದರು. 2025ರ ಜೂನ್‌ನಲ್ಲಿ ನಾರ್ವೆಯ ಸಂಸತ್ತು ಪ್ರವಾಸಿಗರ ಮೇಲೆ ತೆರಿಗೆ ಹಾಕಲು ಊರುಗಳಿಗೆ ಅವಕಾಶ ಕೊಟ್ಟಿತು. ಬನ್ನಿ ಎನ್ನುವವರೂ ಇದ್ದಾರೆ, ಸಾಕು ಎನ್ನುವವರೂ ಇದ್ದಾರೆ, ಎಷ್ಟೋ ಕಡೆ ಒಂದೇ ಮನೆಯಲ್ಲಿ ಇಬ್ಬರೂ ಇದ್ದಾರೆ. ಇದನ್ನು ಬಿಡಿಸಿ ನೋಡಬೇಕಾದರೆ ಒಂದು ಜಾಗವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ನಾನು ಹಿಡಿದುಕೊಂಡಿರುವುದು ಲೋಫೋಟೆನ್.

ನಾರ್ವೆಯ ಉತ್ತರದಲ್ಲಿ, ಆರ್ಕ್ಟಿಕ್ ವೃತ್ತಕ್ಕಿಂತ ಮೇಲೆ, ಸಮುದ್ರದೊಳಗೆ ಚಾಚಿಕೊಂಡ ದ್ವೀಪಗಳ ಸಾಲು ಇದು. ನೀರಿನಿಂದ ನೆಟ್ಟಗೆ ಎದ್ದ ಬಂಡೆಬೆಟ್ಟ, ಅದರ ಬುಡದಲ್ಲಿ ಒಂದಿಷ್ಟು ಕೆಂಪು ಮನೆ. ರೈನೆ ಎಂಬ ಊರಿನಲ್ಲಿ ಸುಮಾರು 300 ಜನ, ಹೆನಿಂಗ್ಸ್‌ವೇರ್‌ನಲ್ಲಿ 500ರ ಆಸುಪಾಸು. ರಸ್ತೆ ಮುಗಿಯುವ ಕೊನೆಯ ಊರಿನ ಹೆಸರು 'ಓ', ಅಷ್ಟೇ, ಒಂದೇ ಅಕ್ಷರ.

ಇಂಥ ಜಾಗದಲ್ಲಿ ಜನ ಯಾಕೆ ಬಂದು ನೆಲೆಸಿದರು ಅಂದ್ರೆ, ಮೀನು. ಪ್ರತಿ ವರ್ಷ ಜನವರಿಯಿಂದ ಏಪ್ರಿಲ್‌ವರೆಗೆ ಉತ್ತರದ ಬ್ಯಾರೆಂಟ್ಸ್ ಸಮುದ್ರದ ಕಾಡ್ (cod) ಮೀನು ಮೊಟ್ಟೆ ಇಡಲು ಇಲ್ಲಿಗೆ ಬರುತ್ತದೆ. ಅಷ್ಟು ದೂರದಿಂದ ಈಜಿ ಬರುವ ಈ ಮೀನಿಗೆ ಅಲ್ಲಿಯವರು 'ಸ್ಕ್ರೈ' ಅನ್ನುತ್ತಾರೆ. ಅಲೆಮಾರಿ ಅಂತ ಅರ್ಥ. ಅದನ್ನು ಹಿಡಿದು, ಉಪ್ಪು ಹಾಕದೆ, ಬರೀ ಗಾಳಿಗೆ ಒಣಗಿಸಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಆ ಒಣಮೀನಿನ ವ್ಯಾಪಾರ ನಾರ್ವೆಯ ಬೆರ್ಗೆನ್ ಪಟ್ಟಣವನ್ನು ಶ್ರೀಮಂತ ಮಾಡಿತು. ಇವತ್ತು ಪ್ರವಾಸಿಗರು ಫೋಟೋ ತೆಗೆಯಲು ಮುಗಿಬೀಳುವ ಅಲ್ಲಿನ ಬ್ರಿಗೆನ್ ಬಂದರುಕಟ್ಟೆ, ಜರ್ಮನ್ ವ್ಯಾಪಾರಿಗಳು ಈ ಮೀನನ್ನು ಗುಡ್ಡೆ ಹಾಕಿ ಇಟ್ಟಿದ್ದ ಜಾಗ. 1432ರಲ್ಲಿ ಪಿಯೆತ್ರೊ ಕ್ವೆರಿನಿ ಎಂಬ ವೆನಿಸ್‌ನ ವ್ಯಾಪಾರಿ ಹಡಗು ಒಡೆದು, ಬದುಕುಳಿದ ಕೆಲವರ ಜೊತೆ ಲೋಫೋಟೆನ್ ತುದಿಯ ರೋಸ್ಟ್ ದ್ವೀಪ ಸೇರಿದ್ದ. ಊರಿನವರು ಕರೆದುಕೊಂಡು ಹೋಗಿ, ಬೆಚ್ಚಗಿಟ್ಟು, ಊಟ ಹಾಕಿದರು. ಒಣಮೀನಿನ ಸುದ್ದಿ ಇಟಲಿಗೆ ಒಯ್ದವನು ಅವನೇ ಅಂತ ಇಂದಿಗೂ ಹೇಳುತ್ತಾರೆ. ಈ ಮೀನಿನ ದೊಡ್ಡ ಗಿರಾಕಿ ಈಗಲೂ ಇಟಲಿಯೇ.

ಈಗ ಪ್ರವಾಸಿಗರು ಮುಂಗಡ ಕೊಟ್ಟು ಕಾಯ್ದಿರಿಸುವ ಆ ಕೆಂಪು ಮನೆಗಳ ವಿಷಯಕ್ಕೆ ಬರೋಣ. ಅವುಗಳ ಹೆಸರು ರೋರ್ಬು. 'ರೋ' ಅಂದ್ರೆ ದೋಣಿಗೆ ಹುಟ್ಟು ಹಾಕುವುದು, 'ಬು' ಅಂದ್ರೆ ತಂಗುವ ಜಾಗ. ಸೀಸನ್ನಿಗೆ ದೂರದ ಊರುಗಳಿಂದ ತೆರೆದ ದೋಣಿಗಳಲ್ಲಿ ಹುಟ್ಟು ಹಾಕಿಕೊಂಡು ಬರುವ ಬೆಸ್ತರಿಗೆ ಮಲಗಲು ಕಟ್ಟಿದ ಗುಡಿಸಲು. 1120ರ ಸುಮಾರಿಗೆ ಓಸ್ಟೈನ್ ರಾಜ ಮೊದಲ ಬಾರಿ ಕಟ್ಟಿಸಿದ ಅಂತ ಪ್ರತೀತಿ. ಕಟ್ಟಡದ ಅರ್ಧ ಬಂಡೆಯ ಮೇಲೆ, ಇನ್ನರ್ಧ ನೀರಿನಲ್ಲಿ ನೆಟ್ಟ ಮರದ ಕಂಬಗಳ ಮೇಲೆ. ದೋಣಿ ನೇರವಾಗಿ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ಒಂದು ಕಡೆ ಬಲೆ, ಹಗ್ಗ, ಪೀಪಾಯಿ. ಇನ್ನೊಂದು ಕಡೆ ಒಂದು ಒಲೆ, ಅಟ್ಟದಂಥ ಮಂಚಗಳು. ಹಗಲೆಲ್ಲ ಕೊರೆಯುವ ಕಡಲಲ್ಲಿ ದುಡಿದವರು ಇಕ್ಕಟ್ಟಿನಲ್ಲಿ ಒಬ್ಬರಿಗೊಬ್ಬರು ಒತ್ತಿ ಮಲಗುತ್ತಿದ್ದರು. ಒದ್ದೆ ಉಣ್ಣೆ ಬಟ್ಟೆ ಅಲ್ಲೇ ಒಣಗಬೇಕು, ಅಡುಗೆ ಅಲ್ಲೇ ಆಗಬೇಕು. ಗುಡಿಸಲು ಹೆಚ್ಚಾಗಿ ಊರಿನ ಸಾಹುಕಾರನದು. ಬೆಸ್ತರು ಹಿಡಿದ ಮೀನನ್ನೂ ಅವನಿಗೇ ಮಾರಬೇಕಿತ್ತು. 1890ರ ದಶಕದ ಒಳ್ಳೆಯ ಸೀಸನ್ನುಗಳಲ್ಲಿ 30 ಸಾವಿರಕ್ಕೂ ಹೆಚ್ಚು ಬೆಸ್ತರು ಇಲ್ಲಿ ಸೇರುತ್ತಿದ್ದರು. ಜನಜಂಗುಳಿ ಈ ಊರುಗಳಿಗೆ ಹೊಸದೇನೂ ಅಲ್ಲ. ಆಗ ಬಂದವರು ದುಡಿಯಲು ಬರುತ್ತಿದ್ದರು, ಬರುತ್ತಿದ್ದುದು ಚಳಿಗಾಲದಲ್ಲಿ.

1893ರಲ್ಲಿ ಹುರ್ಟಿಗ್ರೂಟೆನ್ ಹಡಗು ಶುರುವಾಯಿತು. ಟಪಾಲು, ಸರಕು, ಜನ ಎಲ್ಲವನ್ನೂ ಹೊತ್ತು ಕರಾವಳಿಯುದ್ದಕ್ಕೂ ಓಡುವ ಹಡಗು ಅದು. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ದೋಣಿಗಳಿಗೆ ಎಂಜಿನ್ ಬಂತು, ಆಮೇಲೆ ಮಲಗುವ ಕೋಣೆಯೂ ಬಂತು. ಬೆಸ್ತರು ದೋಣಿಯಲ್ಲೇ ಮಲಗತೊಡಗಿದರು. ರೋರ್ಬುಗಳು ಒಂದೊಂದಾಗಿ ಖಾಲಿಯಾದವು.

ನಾರ್ವೆಯ ಮೀನುಗಾರಿಕೆ ಹೀಗೆ ಬದಲಾಗುತ್ತಿದ್ದ ಕಾಲದಲ್ಲೇ ಅಲ್ಲಿಯ ತಜ್ಞರು ನಮ್ಮ ಕಡಲಿಗೂ ಬಂದರು. 1952ರ ಒಪ್ಪಂದದಿಂದ ಶುರುವಾದ ಇಂಡೋ-ನಾರ್ವೇಜಿಯನ್ ಯೋಜನೆ ಮೊದಲು ಕೊಲ್ಲಂ ಹತ್ತಿರದ ನೀಂಡಕರದಲ್ಲಿ ನಡೆಯಿತು, 60ರ ದಶಕದಲ್ಲಿ ಕಾರವಾರಕ್ಕೂ ಬಂತು. ಎಂಜಿನ್ ದೋಣಿಗಳು ನಮ್ಮ ಪಶ್ಚಿಮ ಕರಾವಳಿಯಲ್ಲಿ ಹರಡಿದ್ದರಲ್ಲಿ ಅದರ ಪಾಲು ದೊಡ್ಡದು. ಹಾಗಾಗಿ ಲೋಫೋಟೆನ್ ಅಂದ್ರೆ ನಮಗೆ ಪೂರ್ತಿ ಪರದೇಶ ಅಂತ ನನಗೆ ಅನಿಸುವುದಿಲ್ಲ.

ಅದೇ 60ರ ದಶಕದಲ್ಲಿ ಯಾರೋ ಖಾಲಿ ರೋರ್ಬುವನ್ನು ಬೇಸಿಗೆಯಲ್ಲಿ ಬಾಡಿಗೆಗೆ ಕೊಟ್ಟರು. ಕಟ್ಟಡ ಬೀಳದೆ ಉಳಿಯಿತು, ನಾಲ್ಕು ಕಾಸೂ ಬಂತು. ಯಾರಿಗೂ ತೊಂದರೆ ಆಗಲಿಲ್ಲ. 1975ರಲ್ಲಿ ಯುರೋಪಿನ ವಾಸ್ತು ಪರಂಪರೆ ವರ್ಷ ಆಚರಿಸಿದಾಗ, ಉಳಿಸಿಕೊಳ್ಳಬೇಕಾದ ಮಾದರಿ ಊರುಗಳಲ್ಲಿ ಒಂದಾಗಿ ಲೋಫೋಟೆನ್‌ನ ನುಸ್‌ಫ್ಯೋರ್ಡನ್ನು ಆರಿಸಿದರು. ಊರು ಉಳಿಯಿತು, ನಿಜ. ಈಗ ಬೇಸಿಗೆಯಲ್ಲಿ ಅದರೊಳಗೆ ಕಾಲಿಡಲು ಟಿಕೆಟ್ ಇದೆ.

ಆಮೇಲೆ ಎರಡು ವಿಷಯ ಒಂದರ ಹಿಂದೆ ಒಂದು ನಡೆದವು. 1989ರಲ್ಲಿ ಕಾಡ್ ಮೀನಿನ ಸಂಖ್ಯೆ ಕುಸಿದು ಕರಾವಳಿಯ ಮೀನುಗಾರಿಕೆಯನ್ನು ಏಪ್ರಿಲ್‌ನಲ್ಲೇ ನಿಲ್ಲಿಸಬೇಕಾಯಿತು. ಮರುವರ್ಷದಿಂದ ಸಣ್ಣ ದೋಣಿಗೂ ಇಷ್ಟೇ ಹಿಡಿಯಬೇಕು ಅಂತ ಕೋಟಾ. ಮೀನು ಚೇತರಿಸಿಕೊಂಡಿತು. ಆದರೆ ದೋಣಿಗಳು ಕಡಿಮೆಯಾದವು, ಹೊಸ ಹುಡುಗರಿಗೆ ಈ ಕೆಲಸಕ್ಕೆ ಇಳಿಯುವುದು ದುಬಾರಿಯಾಯಿತು. ಇನ್ನೊಂದು ಕಡೆ, 80ರ ದಶಕದಿಂದ ಸೇತುವೆ, ಸುರಂಗ ಬರುತ್ತಲೇ ಇದ್ದವು. 2007ರ ಡಿಸೆಂಬರ್ 1ರಂದು ಲೋಫಾಸ್ಟ್ ರಸ್ತೆ ತೆರೆಯಿತು. ಅಂದಿನಿಂದ ದೋಣಿ ಹತ್ತದೆ, ಕಾರಿನಲ್ಲೇ ಮುಖ್ಯ ಭೂಮಿಯಿಂದ 'ಓ' ತನಕ ಹೋಗಬಹುದು. ಊರಿನವರು ಕೇಳಿದ್ದು ಆಸ್ಪತ್ರೆಗೆ, ಶಾಲೆಗೆ, ಮೀನು ಸಾಗಿಸಲು ರಸ್ತೆ. ಅದೇ ರಸ್ತೆಯಲ್ಲಿ ಕ್ಯಾಂಪರ್ ವ್ಯಾನುಗಳೂ ಬಂದವು.

ಅವುಗಳ ಹಿಂದೆಯೇ ಫೋನು, ಡ್ರೋನು. ಹೆನಿಂಗ್ಸ್‌ವೇರ್‌ನ ಬಂಡೆಯ ಮೇಲಿನ ಫುಟ್‌ಬಾಲ್ ಮೈದಾನ ಮೇಲಿಂದ ತೆಗೆದ ಚಿತ್ರಗಳಿಂದಲೇ ಜಗತ್ತಿಗೆ ಗೊತ್ತಾಯಿತು. ರೈನೆ ಊರಿನ ಮೇಲಿರುವ 448 ಮೀಟರ್ ಎತ್ತರದ ರೈನೆಬ್ರಿಂಗೆನ್ ಬೆಟ್ಟಕ್ಕೆ ಜನ ಹತ್ತಿ ಹತ್ತಿ ಮಣ್ಣು ಜಾರಿತು, ಕಲ್ಲು ಉರುಳಿತು. 2016ರಿಂದ ನೇಪಾಳದ ಶೆರ್ಪಾಗಳು ಬಂದು ಅಲ್ಲಿ ಕಲ್ಲಿನ ಮೆಟ್ಟಿಲು ಕಟ್ಟಿದರು. ಈಗ ಸುಮಾರು 2 ಸಾವಿರ ಮೆಟ್ಟಿಲುಗಳಿವೆ. ಬೆಟ್ಟ ಉಳಿಯಿತು. ಮೆಟ್ಟಿಲು ಬಂದ ಮೇಲೆ ಹತ್ತುವವರೂ ಜಾಸ್ತಿಯಾದರು.

ಜಗಳದ ಬುಡ ಇಲ್ಲಿದೆ. ರೈನೆ ಇರುವ ಮೊಸ್ಕೆನೆಸ್ ಪುರಸಭೆಯಲ್ಲಿ ಇರುವವರು ಬರೀ ಸಾವಿರದಷ್ಟು ಜನ. ಪಾರ್ಕಿಂಗ್, ಶೌಚಾಲಯ, ಕಸ, ಕಾಲು ಮುರಿದುಕೊಂಡವರ ಚಿಕಿತ್ಸೆ, ಇವುಗಳಲ್ಲಿ ಬಹುಪಾಲು ಅವರ ಹೆಗಲಿಗೆ. ನಾರ್ವೆಯಲ್ಲಿ 1957ರ ಕಾನೂನಿನ ಪ್ರಕಾರ ಬಯಲಲ್ಲಿ, ಬೆಟ್ಟದಲ್ಲಿ ಯಾರು ಬೇಕಾದರೂ ಓಡಾಡಬಹುದು. ಜನವಸತಿಯ ಮನೆಯಿಂದ 150 ಮೀಟರ್ ದೂರದಲ್ಲಿ ಟೆಂಟ್ ಹಾಕಬಹುದು. ಒಳ್ಳೆಯ ಕಾನೂನು, ಅದು ಹೋಗಬಾರದು ಅಂತಲೇ ನನ್ನ ಆಸೆ. ಆದರೆ ಅದನ್ನು ಬರೆದಾಗ ಒಂದೇ ಕಡಲತೀರಕ್ಕೆ ಒಂದೇ ರಾತ್ರಿ ಇಷ್ಟೊಂದು ಟೆಂಟು ಬರುತ್ತವೆ ಅಂತ ಯಾರೂ ಎಣಿಸಿರಲಿಕ್ಕಿಲ್ಲ ಅಲ್ವಾ? ಕಡಲತೀರದ ಬಂಡೆಗಳ ಹಿಂದೆ ಟಾಯ್ಲೆಟ್ ಪೇಪರ್ ಬಿದ್ದಿರುವುದು ಅಲ್ಲಿ ಪ್ರತಿ ಬೇಸಿಗೆಯ ದೂರು. ಪ್ರವಾಸಿಗರು ಕೊಡುವ ದುಡ್ಡು ಹೋಟೆಲಿಗೆ, ಕಾರ್ ಬಾಡಿಗೆಗೆ ಹೋಗುತ್ತದೆ, ಪುರಸಭೆಗೆ ನೇರವಾಗಿ ಬರುವುದು ಕಡಿಮೆ. ಅದಕ್ಕೇ ಲೋಫೋಟೆನ್‌ನವರು ವರ್ಷಗಟ್ಟಲೆ ತೆರಿಗೆ ಕೇಳಿದರು. ಬೆಲೆ ಏರಿದರೆ ಜನ ಬರುವುದಿಲ್ಲ ಅಂತ ವ್ಯಾಪಾರದವರು ಹೆದರಿದರು. ಅವರ ಭಯವೂ ಸುಳ್ಳಲ್ಲ. ಕೊನೆಗೆ ಬಂದದ್ದು 2025ರ ಕಾನೂನು. ಪ್ರವಾಸದ ಹೊರೆ ಜಾಸ್ತಿ ಇರುವ ಕಡೆ, ರಾತ್ರಿ ತಂಗುವ ಬಾಡಿಗೆಯ ಮೇಲೆ 3% ತನಕ ಹಾಕಬಹುದು. ಕ್ರೂಸ್ ಹಡಗುಗಳಿಂದಲೂ ವಸೂಲಿ ಮಾಡಬಹುದು. ಬಂದ ದುಡ್ಡನ್ನು ಪ್ರವಾಸಿಗರೂ ಬಳಸುವ ಸೌಲಭ್ಯಗಳಿಗೇ ಖರ್ಚು ಮಾಡಬೇಕು. ಆದರೆ ಕ್ಯಾಂಪರ್ ವ್ಯಾನಿನಲ್ಲಿ ರಸ್ತೆ ಬದಿ ಮಲಗಿ ಎದ್ದು ಹೋಗುವವರು ಇದರಲ್ಲಿ ಸಿಗುವುದಿಲ್ಲ.

ದೊಡ್ಡ ಊರುಗಳಿಗೆ ಬೇರೆ ದಾರಿ ಇದೆ. ಬೆರ್ಗೆನ್ ದಿನಕ್ಕೆ 3 ಕ್ರೂಸ್ ಹಡಗು, 8 ಸಾವಿರ ಪ್ರಯಾಣಿಕರು ಅಂತ ಮಿತಿ ಹಾಕಿಕೊಂಡಿತು. ರಸ್ತೆಯಲ್ಲಿ ಬರುವವರನ್ನು 300 ಜನರ ಊರು ಹೇಗೆ ಎಣಿಸುವುದು?

ನಾನು ಹೋಗಿದ್ದು ಮಾರ್ಚ್‌ನಲ್ಲಿ. ಹೆನಿಂಗ್ಸ್‌ವೇರ್‌ನಲ್ಲಿ ಬಸ್ಸಿಳಿದ ತಕ್ಷಣ ಮೊದಲು ಬಂದದ್ದು ವಾಸನೆ. ನಮ್ಮ ಮಲ್ಪೆ ಬಂದರಿನ ಒಣಮೀನಿನಷ್ಟು ಖಾರ ಇಲ್ಲ, ತಣ್ಣಗಿನ, ಆದರೆ ಬಟ್ಟೆ ಬಿಡದ ವಾಸನೆ. ದುಡ್ಡಿನ ವಾಸನೆ ಅಂತಾರೆ ಅಲ್ಲಿ. ಬಂಡೆಗಳ ಮೇಲೆ ಮರದ ಕಂಬಗಳ ದೊಡ್ಡ ದೊಡ್ಡ ಚಪ್ಪರ. ಎರಡೆರಡು ಮೀನಿನ ಬಾಲ ಸೇರಿಸಿ ಕಟ್ಟಿ, ಕೋಲಿನ ಮೇಲೆ ಜೋತು ಹಾಕಿದ್ದರು. ಚಳಿ ಸೊನ್ನೆ ಡಿಗ್ರಿಯ ಆಚೀಚೆ ಇರಬೇಕು. ಜಾಸ್ತಿ ಹೆಪ್ಪುಗಟ್ಟಿದರೆ ಮಾಂಸ ಹಾಳು, ಬೆಚ್ಚಗಾದರೆ ನೊಣ. ಬಂದರಿನ ಶೆಡ್ಡಿನಲ್ಲಿ ಹತ್ತು ಹನ್ನೆರಡರ ಹುಡುಗಿ ಒಬ್ಬಳು ದಪ್ಪ ಏಪ್ರನ್ ತೊಟ್ಟು ನಿಂತಿದ್ದಳು. ಮೀನಿನ ತಲೆ ಎತ್ತಿ ಮುಂದಿದ್ದ ಕಬ್ಬಿಣದ ಮುಳ್ಳಿಗೆ ಚುಚ್ಚುವುದು, ನಾಲಿಗೆ ಕೊಯ್ಯುವುದು, ತಲೆ ಆಚೆ ಎಸೆಯುವುದು. ಒಂದಕ್ಕೆ ಎರಡು ಮೂರು ಸೆಕೆಂಡು. ಕಾಡ್ ನಾಲಿಗೆ ಕೊಯ್ಯುವುದು ಅಲ್ಲಿ ಹಿಂದಿನಿಂದ ಮಕ್ಕಳ ಕೆಲಸ, ಮಾರಿ ಬಂದ ದುಡ್ಡು ಮಕ್ಕಳದ್ದೇ. ತಲೆಗಳನ್ನೂ ಒಣಗಿಸಿ ನೈಜೀರಿಯಾಕ್ಕೆ ಕಳಿಸುತ್ತಾರೆ. ಅಲ್ಲಿ ಅದು ಸಾರಿಗೆ ಬೇಕೇ ಬೇಕು.

ಜುಲೈನಲ್ಲಿ ಹೋದವರಿಗೆ ಇದ್ಯಾವುದೂ ಕಾಣುವುದಿಲ್ಲ. ಜೂನ್ ಹೊತ್ತಿಗೆ ಮೀನು ಇಳಿಸಿರುತ್ತಾರೆ, ಚಪ್ಪರ ಖಾಲಿ. ಆಗ ಊರು ಬರೀ ಚಂದದ ಚಿತ್ರ, ಚಿತ್ರ ತೆಗೆಯಲು ಅರ್ಧ ಗಂಟೆ ಸಾಕು. ದೊಡ್ಡ ನಗರ ಬಿಟ್ಟು ಸಣ್ಣ ಊರಿಗೆ ಬಂದು, ಅಲ್ಲಿಯೂ ಸುಮ್ನೆ ನಗರದ ಹಾಗೇ ಒಂದು ಜಾಗದಿಂದ ಇನ್ನೊಂದಕ್ಕೆ ಓಡುವುದನ್ನು ನೋಡಿದರೆ ಬೇಜಾರಾಗುತ್ತದೆ. ಈ ಊರುಗಳು ಈಗಲೂ ಕೆಲಸ ಮಾಡುತ್ತಿವೆ. ಆ ಕೆಲಸ ನಡೆಯುವಾಗ ಹೋಗಿ, ಒಂದೇ ಊರಿನಲ್ಲಿ ಐದು ದಿನ ಕೂತುಬಿಡಿ.

ಹೋಗುವವರಿಗೆ ಎರಡು ಮಾತು. ಹುರ್ಟಿಗ್ರೂಟೆನ್ ಹಡಗು ಈಗಲೂ ಮುಖ್ಯ ಭೂಮಿಯ ಬೂಡೊ ಪಟ್ಟಣದ ಮೂಲಕ ಬಂದು ಸ್ಟಾಮ್‌ಸುಂಡ್, ಸ್ವೋಲ್ವೇರ್‌ಗಳಲ್ಲಿ ನಿಲ್ಲುತ್ತದೆ. ಹಿಮದ ರಸ್ತೆಯಲ್ಲಿ ಕಾರು ಓಡಿಸಿ ರೂಢಿ ಇಲ್ಲದವರಿಗೆ ಅಲ್ಲಿಂದ ಬಸ್ಸೇ ವಾಸಿ. ಮಾರ್ಚ್ ಕೊನೆಗೆ ಹಗಲು ಹನ್ನೆರಡು ಗಂಟೆ ದಾಟಿರುತ್ತದೆ, ರಾತ್ರಿ ಮೋಡ ಇಲ್ಲದಿದ್ದರೆ ಬಾನಿನಲ್ಲಿ ಧ್ರುವಪ್ರಭೆಯ ಹಸಿರು ಬೆಳಕೂ ಸಿಗಬಹುದು. ಮೀನು ಒಣಗುವ ಚಪ್ಪರದ ಕೆಳಗೆ ಮಾತ್ರ ನಿಲ್ಲಬೇಡಿ, ಮೇಲಿಂದ ತೊಟ್ಟಿಕ್ಕುತ್ತಿರುತ್ತದೆ.