ಮೈಲೇಜ್ ಒಂದೇ, ಗೊಣಗಾಟ ಒಬ್ಬರದೇ

ಒಂದೇ ಮಾದರಿಯ ಎರಡು ಕಾರುಗಳಿವೆ ಎನ್ನಿ. ಎರಡೂ ಲೀಟರಿಗೆ 18 ಕಿಲೋಮೀಟರ್ ಓಡುತ್ತವೆ. 15 ಬಂದರೆ ಸಾಕು ಅಂದುಕೊಂಡು ಕೊಂಡವರು ಸಿಕ್ಕವರ ಮುಂದೆಲ್ಲ ಕಾರನ್ನು ಹೊಗಳುತ್ತಾರೆ. ಜಾಹೀರಾತಿನ 22ನ್ನು ನಂಬಿದವರು ಟ್ಯಾಂಕ್ ತುಂಬಿಸಿದಾಗಲೆಲ್ಲ ಗೊಣಗುತ್ತಾರೆ. ಎಂಜಿನ್ನಿಗೆ ಇದರ ಗೊಡವೆಯೇ ಇಲ್ಲ.

ಗ್ರಾಹಕರ ತೃಪ್ತಿಯ ಬಗ್ಗೆ ಸಂಶೋಧನೆ ಮಾಡಿದ ರಿಚರ್ಡ್ ಆಲಿವರ್ 1980ರಲ್ಲಿ ಮಂಡಿಸಿದ ಸಿದ್ಧಾಂತದ ತಿರುಳೂ ಇದೇ. ವಸ್ತು ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ, ಅಂದುಕೊಂಡದ್ದಕ್ಕಿಂತ ಮೇಲಿದೆಯೋ ಕೆಳಗಿದೆಯೋ ಅನ್ನುವುದರ ಮೇಲೆ ತೃಪ್ತಿ ನಿಂತಿರುತ್ತದೆ. ಅದರಲ್ಲೂ ಎರಡು ಕಡೆಯ ತೂಕ ಸಮವಲ್ಲ. ಗಳಿಕೆಯ ಖುಷಿಗಿಂತ ಅಷ್ಟೇ ನಷ್ಟದ ನೋವು ದೊಡ್ಡದು ಎಂದು ಮನಶ್ಶಾಸ್ತ್ರಜ್ಞರಾದ ಕಾಹ್ನೆಮನ್ ಮತ್ತು ಟ್ವರ್ಸ್ಕಿ 1979ರಲ್ಲೇ ತೋರಿಸಿದ್ದರು. ಹೆಚ್ಚು ಸಿಕ್ಕ ಮೂರು ಕಿಲೋಮೀಟರನ್ನು ಬೇಗ ಮರೆಯುತ್ತೇವೆ. ಖೋತಾ ಆದ ನಾಲ್ಕು ಚುಚ್ಚುತ್ತಲೇ ಇರುತ್ತವೆ.

ಆ 22 ಸುಳ್ಳೇನಲ್ಲ. ಪ್ರಯೋಗಾಲಯದಲ್ಲಿ ಕಾರನ್ನು ರೋಲರ್‌ಗಳ ಮೇಲೆ ನಿಲ್ಲಿಸಿ, ಗೊತ್ತುಪಡಿಸಿದ ವೇಗಗಳಲ್ಲಿ ಓಡಿಸಿ ತೆಗೆದ ಲೆಕ್ಕ ಅದು. ಅಲ್ಲಿ ಟ್ರಾಫಿಕ್ ಜಾಮ್ ಇಲ್ಲ, ಘಾಟಿಯಿಲ್ಲ, ಅವಸರದ ಕಾಲೂ ಇಲ್ಲ. ಈ ಅಂತರ ಕಡಿಮೆಯಾಗಲೆಂದೇ ಯುರೋಪ್ 2017ರಿಂದ ಹಳೆಯ ಪರೀಕ್ಷೆಯ ಜಾಗಕ್ಕೆ ಡಬ್ಲ್ಯುಎಲ್‌ಟಿಪಿ ಎಂಬ ಹೊಸ ಕ್ರಮವನ್ನು ತಂದಿತು. ಪರೀಕ್ಷೆ ಬಿಗಿಯಾದರೆ ಕಾರು ಸುಧಾರಿಸುವುದಿಲ್ಲ, ಕೊಳ್ಳುವವರ ಅಂದಾಜು ನೆಲಕ್ಕಿಳಿಯುತ್ತದೆ. ನನ್ನ ಕೇಳಿದರೆ, ಅದೂ ಸಣ್ಣ ಉಪಕಾರವಲ್ಲ.

ಹಾಗಾದರೆ ಕಂಪನಿಗಳು ಕಡಿಮೆ ಹೇಳಿ ಹೆಚ್ಚು ಕೊಟ್ಟರಾಯಿತಲ್ಲ? ಅಷ್ಟು ಸಲೀಸಲ್ಲ. ಕಡಿಮೆ ಹೇಳಿದರೆ ಗಿರಾಕಿ ಶೋರೂಮಿನ ಮೆಟ್ಟಿಲನ್ನೇ ಹತ್ತಲಿಕ್ಕಿಲ್ಲ. ಜೊತೆಗೆ, ದುಡ್ಡು ಸುರಿದ ಮೇಲೆ ಮನಸ್ಸೇ ವಕೀಲಿಕೆಗೆ ನಿಲ್ಲುತ್ತದೆ. 1957ರ ಒಂದು ಅಧ್ಯಯನದಲ್ಲಿ ಹೊಸದಾಗಿ ಕಾರು ಕೊಂಡವರು, ಕೊಳ್ಳಬೇಕೆಂದು ಯೋಚಿಸಿ ಕೈಬಿಟ್ಟ ಕಾರುಗಳದ್ದಕ್ಕಿಂತ ತಮ್ಮದೇ ಕಾರಿನ ಜಾಹೀರಾತುಗಳನ್ನು ಹೆಚ್ಚಾಗಿ ಓದುತ್ತಿದ್ದುದು ಕಂಡುಬಂತು. ಕೊಂಡಾದ ಮೇಲೂ ಜಾಹೀರಾತು! ಮಾಡಿದ ಆಯ್ಕೆ ಸರಿ ಎಂದು ಯಾರಾದರೂ ಹೇಳಬೇಕಲ್ಲ. ಕೊರತೆ ಚಿಕ್ಕದಾದರೆ ಈ ವಕೀಲಿಕೆ ಅದನ್ನು ಮುಚ್ಚಿಹಾಕುತ್ತದೆ. ದೊಡ್ಡದಾದರೆ ವಾದ ನಡೆಯುವುದಿಲ್ಲ, ಆಗ ಸಿಟ್ಟು ಇಮ್ಮಡಿಯಾಗುತ್ತದೆ.

ನಿರೀಕ್ಷೆ ನಿಂತಲ್ಲಿ ನಿಲ್ಲುವುದೂ ಇಲ್ಲ. ಜಪಾನಿನ ಗುಣಮಟ್ಟ ತಜ್ಞ ನೊರಿಯಾಕಿ ಕಾನೊ 1980ರ ದಶಕದಲ್ಲಿ ಇದನ್ನು ವಿವರಿಸಿದರು: ಇವತ್ತು ಬೆರಗು ಹುಟ್ಟಿಸುವ ಸೌಲಭ್ಯ ನಾಳೆ ಇರಲೇಬೇಕಾದದ್ದಾಗುತ್ತದೆ. ಗುಂಡಿ ಒತ್ತಿದರೆ ಇಳಿಯುವ ಕಿಟಕಿಯನ್ನು ಈಗ ಯಾರೂ ಹೊಗಳುವುದಿಲ್ಲ. ಅದು ಅರ್ಧಕ್ಕೆ ಸಿಕ್ಕಿಕೊಂಡ ದಿನ ಮಾತ್ರ ಸರ್ವಿಸ್ ಸೆಂಟರಿಗೆ ಫೋನ್ ಹೋಗುತ್ತದೆ. ಮಾಲೀಕರನ್ನು ಕೇಳಿ ತಯಾರಿಸುವ ಗುಣಮಟ್ಟದ ಸಮೀಕ್ಷೆಗಳಲ್ಲಿ ಕೆಟ್ಟ ಭಾಗಗಳ ಜೊತೆಗೆ, ಕೆಡದಿದ್ದರೂ ಬಳಸಲು ತಿಣುಕಾಡಿಸುವ ಟಚ್‌ಸ್ಕ್ರೀನ್ ಕೂಡ ದೂರಿನ ಲೆಕ್ಕಕ್ಕೆ ಸೇರುವುದುಂಟು. ದುಬಾರಿ ಕಾರಿನ ಅಂಕ ಅಗ್ಗದ ಕಾರಿಗಿಂತ ಕೆಳಗಿದ್ದರೆ, ಅದಕ್ಕೆ ಕಾರಣ ಕಾರ್ಖಾನೆಯಲ್ಲೇ ಇರಬೇಕೆಂದೇನಿಲ್ಲ.