ಚಾಮುಂಡಿ ಬೆಟ್ಟಕ್ಕೆ ಇನ್ನೆಷ್ಟು ದಾರಿ ಬೇಕು?

ಆಷಾಢ ಬಂತೆಂದರೆ ಮೈಸೂರಿನ ಮದುವೆ ಛತ್ರಗಳೆಲ್ಲ ಖಾಲಿ, ಬೆಟ್ಟ ಮಾತ್ರ ಭರ್ತಿ. ಆ ತಿಂಗಳ ಶುಕ್ರವಾರಗಳಂದು ನಸುಕಿನಿಂದಲೇ ಚಾಮುಂಡೇಶ್ವರಿಯ ದರ್ಶನಕ್ಕೆ ಸಾಲು ನಿಲ್ಲುತ್ತದೆ. ಅಂದು ಖಾಸಗಿ ವಾಹನಗಳನ್ನು ಮೇಲೆ ಬಿಡುವುದಿಲ್ಲ. ಲಲಿತಮಹಲ್ ಅರಮನೆ ಹತ್ತಿರದ ಹೆಲಿಪ್ಯಾಡ್ ಮೈದಾನದಲ್ಲಿ ಗಾಡಿ ನಿಲ್ಲಿಸಿ ಬಸ್ಸಿನಲ್ಲೇ ಹತ್ತಬೇಕು. ಇಲ್ಲದಿದ್ದರೆ ಮೆಟ್ಟಿಲು ಇದ್ದೇ ಇದೆ.

ಉಳಿದ ದಿನಗಳಲ್ಲಿ ಈ ಕಟ್ಟುಪಾಡು ಇಲ್ಲ. ಒಂದು ಸಾಧಾರಣ ಭಾನುವಾರ ಹೋಗಿ ನೋಡಿ. ಬೆಟ್ಟದ ರಸ್ತೆಯ ತಿರುವುಗಳಲ್ಲಿ ಕಾರುಗಳು ಒಂದರ ಹಿಂದೆ ಒಂದು ನಿಂತಿರುತ್ತವೆ. ಇದಕ್ಕೆ ಪರಿಹಾರ ಅಂತ ಒಮ್ಮೆ ರಸ್ತೆ ಅಗಲ ಮಾಡುವ ಮಾತು ಬರುತ್ತದೆ, ಒಮ್ಮೆ ಪಾರ್ಕಿಂಗ್ ಕಟ್ಟಡ, ಇನ್ನೊಮ್ಮೆ ರೋಪ್‌ವೇ. ಈ ಬೆಟ್ಟ ಹತ್ತುವ ದಾರಿಗಳ ಕಥೆ ಗೊತ್ತಾದರೆ ಈ ಜಗಳವೂ ಅರ್ಥವಾಗುತ್ತದೆ.

ಬೆಟ್ಟಕ್ಕೆ ಮೊದಲು ಇದ್ದ ಹೆಸರು ಮಹಾಬಲಾದ್ರಿ ಅಥವಾ ಮಹಾಬಲಗಿರಿ. ಈಗ ಜನ ದೇವಿಯ ದರ್ಶನ ಮುಗಿಸಿ, ಪಕ್ಕದಲ್ಲೇ ಇರುವ ಮಹಾಬಲೇಶ್ವರನ ಗುಡಿಯ ಕಡೆ ತಿರುಗಿಯೂ ನೋಡದೆ ಇಳಿದುಬಿಡುತ್ತಾರೆ. ಆದರೆ ಬೆಟ್ಟದ ಮೇಲಿನ ಹಳೆಯ ದೇವಸ್ಥಾನ ಅದೇ. ಅಲ್ಲಿ ಗಂಗರ ಕಾಲದ, ಅಂದರೆ 10ನೇ ಶತಮಾನದ ಶಾಸನವಿದೆ. ಹೊಯ್ಸಳ ವಿಷ್ಣುವರ್ಧನನ ಕಾಲದ ದಾನಶಾಸನ ಈ ಜಾಗವನ್ನು ಮಾರ್ಬಳ ತೀರ್ಥ ಎನ್ನುತ್ತದೆ. ಮೈಸೂರು ಒಂದು ರಾಜ್ಯವಾಗುವುದಕ್ಕೆ ಎಷ್ಟೋ ಮೊದಲೇ ಜನ ಈ ಬೆಟ್ಟ ಹತ್ತುತ್ತಿದ್ದರು.

ಒಡೆಯರು ಚಾಮುಂಡಿಯನ್ನು ಮನೆದೇವರಾಗಿ ನಂಬಿದ ಮೇಲೆ ಬೆಟ್ಟದ ನಸೀಬೇ ಬದಲಾಯಿತು. ದೊಡ್ಡ ದೇವರಾಜ ಒಡೆಯರು ಆಳಿದ್ದು 1659ರಿಂದ 1673ರವರೆಗೆ. ಬುಡದಿಂದ ತುದಿಯವರೆಗೆ ಸಾವಿರ ಮೆಟ್ಟಿಲು ಕಟ್ಟಿಸಿದವರು ಅವರೇ. ಅರ್ಧ ದಾಟಿದ ಮೇಲೆ ಸಿಗುವ ನಂದಿಯೂ ಅವರ ಕಾಲದ್ದು. ಸುಮಾರು 15 ಅಡಿ ಎತ್ತರ, 24 ಅಡಿ ಉದ್ದದ ಏಕಶಿಲೆ. ಆ ಬಂಡೆಯನ್ನು ಕೆಳಗಿನಿಂದ ಹೊತ್ತು ತಂದದ್ದಲ್ಲ, ಇದ್ದಲ್ಲೇ ಕಡೆದದ್ದು. ಹತ್ತುವವರು ಅಲ್ಲಿ ಕೂತು ಸುಧಾರಿಸಿಕೊಂಡು, ನಂದಿಗೆ ಒಂದು ಸುತ್ತು ಬಂದು ಮುಂದೆ ಹೋಗುತ್ತಾರೆ. ನನ್ನ ಮಟ್ಟಿಗೆ ಬೆಟ್ಟದ ಎಲ್ಲ ಕಾಮಗಾರಿಗಳಲ್ಲಿ ಜಾಣತನದ್ದು ಈ ಮೆಟ್ಟಿಲ ದಾರಿಯೇ. ಎಷ್ಟೇ ಜನ ಹೊರಟರೂ ಒಬ್ಬೊಬ್ಬರ ಕಾಲಿನ ಶಕ್ತಿಗೆ ತಕ್ಕಂತೆ ಅವರು ದಾರಿಯುದ್ದಕ್ಕೂ ಹರಡಿಕೊಳ್ಳುತ್ತಾರೆ. ತುದಿಯಲ್ಲಿ ಎಲ್ಲರೂ ಒಟ್ಟಿಗೆ ಬಂದು ಬೀಳುವುದಿಲ್ಲ.

ಈಗಲೂ ಹರಕೆ ಹೊತ್ತ ಹೆಂಗಸರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ಸೊಂಟ ಬಗ್ಗಿಸಿ, ಎದ್ದು, ಮತ್ತೆ ಬಗ್ಗಿಸಿ, ಸಾವಿರ ಸಲ. ಅವರಿಗೆ ಆ ದಾರಿಯೇ ಪೂಜೆ.

ಹಳೇ ಮೈಸೂರಿನ ಜನಪದದಲ್ಲಿ ಈ ದೇವಿ ಅರಮನೆಯವಳು ಮಾತ್ರ ಅಲ್ಲ. ನಂಜನಗೂಡಿನ ನಂಜುಂಡನ ಜೊತೆ ಅವಳ ಪ್ರೀತಿಯ ಕಥೆಯನ್ನು ಹಾಡು ಕಟ್ಟಿ ಹಾಡುತ್ತಾರೆ. ಬೆಟ್ಟದ ಕೆಳಗಿನ ಉತ್ತನಹಳ್ಳಿಯ ಮಾರಮ್ಮ ಅವಳ ತಂಗಿ. ಮಹಿಷನ ರಕ್ತ ನೆಲಕ್ಕೆ ಬೀಳದಂತೆ ನಾಲಗೆ ಚಾಚಿ ಅಕ್ಕನಿಗೆ ನೆರವಾದವಳು. ಹಾಗಾಗಿ ಹಳ್ಳಿಯವರಿಗೆ ಬೆಟ್ಟ, ಉತ್ತನಹಳ್ಳಿ, ನಂಜನಗೂಡು ಒಂದೇ ದಿನದಲ್ಲಿ ಮುಗಿಸುವ ಒಂದೇ ಸುತ್ತು. ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವ ಯಾತ್ರೆ ಇಲ್ಲಿ ಹೊಸದೇನಲ್ಲ.

ಮುಮ್ಮಡಿ ಕೃಷ್ಣರಾಜ ಒಡೆಯರು 1827ರ ಸುಮಾರಿಗೆ ದೇವಸ್ಥಾನವನ್ನು ಜೀರ್ಣೋದ್ಧಾರ ಮಾಡಿಸಿ, ಈಗ ಕಾಣುವ ಏಳು ಅಂತಸ್ತಿನ ಗೋಪುರ ಕಟ್ಟಿಸಿದರು. 20ನೇ ಶತಮಾನದಲ್ಲಿ ರಾಜೇಂದ್ರ ವಿಲಾಸ ಅರಮನೆ ಬೆಟ್ಟದ ಮೇಲೆ ಎದ್ದಿತು. ಮೋಟಾರು ಓಡುವ ರಸ್ತೆ ಬಂತು. ಆಮೇಲೆ ಸಿಟಿ ಬಸ್ಸು. 201 ನಂಬರಿನ ಬಸ್ಸು ಗೊತ್ತಿಲ್ಲದ ಮೈಸೂರಿಗರು ಯಾರಿದ್ದಾರೆ? ವಯಸ್ಸಾದವರು, ಮಂಡಿ ನೋವಿನವರು, ಕೂಸು ಎತ್ತಿಕೊಂಡ ತಾಯಂದಿರು ಆರಾಮಾಗಿ ದೇವಿಯನ್ನು ನೋಡಿ ಬರುವಂತಾದದ್ದು ಈ ರಸ್ತೆಯಿಂದಲೇ. ಅದನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ.

1971ರಲ್ಲಿ ಮಾಜಿ ಅರಸರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ರದ್ದಾದ ಮೇಲೆ ಇನ್ನೊಂದು ಬದಲಾವಣೆ ಆಯಿತು. ದಸರಾ ಜಂಬೂಸವಾರಿಯಲ್ಲಿ ಮಹಾರಾಜರು ಕೂರುತ್ತಿದ್ದ ಚಿನ್ನದ ಅಂಬಾರಿಯಲ್ಲಿ ಚಾಮುಂಡೇಶ್ವರಿಯ ವಿಗ್ರಹವನ್ನು ಕೂರಿಸಿ ಮೆರವಣಿಗೆ ಮಾಡತೊಡಗಿದರು. ಅರಸರ ಮನೆದೇವತೆ ಹೀಗೆ ಇಡೀ ನಾಡಿನ ಹಬ್ಬದ ನಡುವೆ ಬಂದು ಕೂತಳು. ಮೈಸೂರಿಗೆ ಬಂದವರು ಬೆಟ್ಟಕ್ಕೆ ಹೋಗದೆ ವಾಪಸಾಗುವುದೇ ಇಲ್ಲ ಎನ್ನುವಂತಾಯಿತು.

ಜನಸಂದಣಿಯ ಲೆಕ್ಕ ನಿಜಕ್ಕೂ ಬದಲಾದದ್ದು 2023ರಲ್ಲಿ. ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂತು. ಮೂರೇ ತಿಂಗಳ ಅಂತರದಲ್ಲಿ ಕಾರು ಇರುವವರಿಗೆ ಬೆಟ್ಟ ಹತ್ತಿರವಾಯಿತು, ಕಾರು ಇಲ್ಲದ ಹೆಂಗಸರಿಗೆ ಟಿಕೆಟ್ ಖರ್ಚು ಉಳಿಯಿತು. ಎಷ್ಟೋ ವರ್ಷದಿಂದ ಹೋಗಬೇಕು ಹೋಗಬೇಕು ಅಂದುಕೊಂಡೇ ಇದ್ದ ಹೆಣ್ಣುಮಕ್ಕಳು ಆಧಾರ್ ಕಾರ್ಡ್ ಹಿಡಿದು ಬಸ್ ಹತ್ತಿದರು. ಸುಮ್ನೆ ಊರು ಸುತ್ತುತ್ತಾರೆ ಎಂದು ಅವರನ್ನು ಆಡಿಕೊಂಡವರೂ ಇದ್ದರು. ಆ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ದೇವರ ದರ್ಶನ ಕಾರು ಇದ್ದವರ ಆಸ್ತಿಯಲ್ಲ. ನಾಲ್ಕು ಜನರ ಒಂದು ಕಾರಿಗೆ ಬೇಕಾಗುವ ಜಾಗಕ್ಕೂ ಐವತ್ತು ಜನರ ಒಂದು ಬಸ್ಸಿಗೆ ಬೇಕಾಗುವ ಜಾಗಕ್ಕೂ ಇರುವ ವ್ಯತ್ಯಾಸ ನೋಡಿದರೆ ರಸ್ತೆ ತುಂಬಿಸುವವರು ಯಾರೆಂದು ಗೊತ್ತಾಗುತ್ತದೆ.

ತೊಂದರೆ ಇರುವುದು ಬೆಟ್ಟದ ಅಳತೆಯಲ್ಲಿ. ಸಮುದ್ರ ಮಟ್ಟದಿಂದ ಸುಮಾರು 1,060 ಮೀಟರ್, ಊರಿನ ನೆಲದಿಂದ ಸುಮಾರು 300 ಮೀಟರ್ ಅಷ್ಟೇ. ಇಳಿಜಾರಿನಲ್ಲಿ ಸುಮಾರು 1,500 ಎಕರೆ ಮೀಸಲು ಅರಣ್ಯ. ತುದಿಯಲ್ಲಿ ದೇವಸ್ಥಾನಗಳ ಜೊತೆಗೆ ಒಂದು ಊರೂ ಇದೆ. ಮನೆಗಳು, ಅಂಗಡಿಗಳು, ಗ್ರಾಮ ಪಂಚಾಯಿತಿ ಎಲ್ಲವೂ. ಅಲ್ಲಿಯ ಜನರಿಗೂ ನೀರು ಬೇಕು, ಅವರ ಕೊಳಚೆ ನೀರೂ ಎಲ್ಲಿಗಾದರೂ ಹೋಗಬೇಕು. ಭಕ್ತರಿಗಾಗಿ ಕಟ್ಟಿದ್ದೆಲ್ಲ ಈ ಚಿಕ್ಕ ಜಾಗದಲ್ಲೇ ಹಿಡಿಸಬೇಕು. ಬಹುಮಹಡಿ ಪಾರ್ಕಿಂಗ್ ಬಂತು, ಅಂಗಡಿ ಮಳಿಗೆಗಳು ಬಂದವು. ಪಾರ್ಕಿಂಗ್ ಇದೆ ಅಂದ ಮೇಲೆ ಕಾರು ಕೆಳಗೆ ಬಿಟ್ಟು ಬರುವವರು ಯಾರು? ಮೆಟ್ಟಿಲಿದ್ದಾಗ ದಾರಿಯುದ್ದಕ್ಕೂ ಹರಡಿಕೊಳ್ಳುತ್ತಿದ್ದ ಗುಂಪು ಈಗ ತುದಿಯಲ್ಲೇ ಸೇರುತ್ತದೆ.

ಬೆಟ್ಟ ಇದಕ್ಕೆ ಒಮ್ಮೆ ಉತ್ತರ ಕೊಟ್ಟೂ ಆಗಿದೆ. 2021ರ ಅಕ್ಟೋಬರ್‌ನಲ್ಲಿ ಭಾರಿ ಮಳೆ ಸುರಿದಾಗ ನಂದಿಗೆ ಹೋಗುವ ರಸ್ತೆಯ ಒಂದು ಬದಿ ಕುಸಿಯಿತು. ಮುಂದಿನ ವಾರಗಳಲ್ಲಿ ಅದೇ ರಸ್ತೆಯಲ್ಲಿ ಇನ್ನಷ್ಟು ಕುಸಿತ. ಬಹುಕಾಲ ಅಲ್ಲಿ ವಾಹನ ಸಂಚಾರವೇ ಇರಲಿಲ್ಲ. ಚಾಮುಂಡಿ ಬೆಟ್ಟ ಗಟ್ಟಿ ಗ್ರಾನೈಟ್ ಬಂಡೆ, ಸುಮಾರು 80 ಕೋಟಿ ವರ್ಷ ಹಳೆಯದು. ಅಂಥ ಬೆಟ್ಟ ಹೇಗೆ ಕುಸಿಯಿತು ಅಂತ ಬಹಳ ಜನ ಕೇಳಿದರು. ಕುಸಿದದ್ದು ಬಂಡೆ ಅಲ್ಲ, ಅದರ ಮೇಲಿನ ಮಣ್ಣು. ಇಳಿಜಾರನ್ನು ಕಡಿದು ರಸ್ತೆ ಮಾಡಿದಾಗ ಮಳೆ ನೀರು ಮೊದಲಿನ ದಾರಿಯಲ್ಲಿ ಹರಿಯುವುದಿಲ್ಲ. ಚರಂಡಿ ಸರಿ ಇಲ್ಲದಿದ್ದರೆ ಅದು ರಸ್ತೆಯ ಅಡಿಗೇ ಇಳಿಯುತ್ತದೆ, ಮಣ್ಣು ನೆನೆದು ಭಾರವಾಗಿ ಜಾರುತ್ತದೆ.

ಇದಾಗಿ ವರ್ಷವೂ ತುಂಬಿರಲಿಲ್ಲ, 2022ರಲ್ಲಿ ರೋಪ್‌ವೇ ಮಾತು ಮತ್ತೆ ಎದ್ದಿತು. ದಶಕಗಳಿಂದ ಬಂದು ಹೋಗುತ್ತಿದ್ದ ಮಾತು ಈ ಸಲ ಬಜೆಟ್‌ವರೆಗೂ ಹೋಯಿತು. ಮೈಸೂರಿನ ಪರಿಸರ ಸಂಘಟನೆಗಳು, ದಿನಾ ಬೆಳಿಗ್ಗೆ ಮೆಟ್ಟಿಲು ಹತ್ತುವವರು, ರಾಜಮನೆತನ ಎಲ್ಲರೂ ಬೇಡ ಎಂದರು. ಸಹಿ ಸಂಗ್ರಹ ನಡೆಯಿತು. ಅದೇ ವರ್ಷ ಯೋಜನೆಯನ್ನು ಕೈಬಿಡಲಾಯಿತು. ಹತ್ತಿಪ್ಪತ್ತು ನಿಮಿಷದಲ್ಲಿ ಬಸ್ಸು ತಲುಪುವ ಬೆಟ್ಟಕ್ಕೆ ಹಗ್ಗದ ದಾರಿ ಯಾಕೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಯಾರ ಹತ್ತಿರವೂ ಇರಲಿಲ್ಲ, ಅಲ್ವಾ?

ಜಗಳ ಅಲ್ಲಿಗೆ ನಿಲ್ಲಲಿಲ್ಲ. 2024ರಲ್ಲಿ ಶ್ರೀ ಚಾಮುಂಡೇಶ್ವರಿ ಕ್ಷೇತ್ರ ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಜಾರಿಗೆ ಬಂತು, ಅದನ್ನು ಪ್ರಶ್ನಿಸಿ ರಾಜಮನೆತನ ಹೈಕೋರ್ಟ್‌ಗೆ ಹೋಯಿತು. ಯಾತ್ರಾಸ್ಥಳಗಳ ಅಭಿವೃದ್ಧಿಗೆ ಇರುವ ಕೇಂದ್ರದ ಪ್ರಸಾದ್ ಯೋಜನೆಯಲ್ಲಿ ಸುಮಾರು 45 ಕೋಟಿ ರೂಪಾಯಿಯ ಕೆಲಸಕ್ಕೆ ಒಪ್ಪಿಗೆ ಸಿಕ್ಕಿತು. ಆ ದುಡ್ಡಿನಲ್ಲಿ ಬೆಟ್ಟದ ಮೇಲೆ ಕಾಂಕ್ರೀಟ್ ಜಾಸ್ತಿಯಾಗುತ್ತದೆ ಎಂಬ ಆತಂಕವೂ ಜೊತೆಗೇ ಬಂತು. ಅಧಿಕಾರ ಯಾರ ಕೈಯಲ್ಲಿರಬೇಕು ಎನ್ನುವುದನ್ನು ಕೋರ್ಟು ನೋಡಿಕೊಳ್ಳಲಿ. ಒಂದು ದಿನಕ್ಕೆ ಎಷ್ಟು ವಾಹನ ಮೇಲೆ ಹೋಗಬಹುದು ಎಂಬುದನ್ನು ಮಾತ್ರ ಯಾರಾದರೂ ಕೂತು ಲೆಕ್ಕ ಹಾಕಲೇಬೇಕು.

ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ಆಷಾಢ ಶುಕ್ರವಾರದ ವ್ಯವಸ್ಥೆ ಕಣ್ಣ ಮುಂದೆಯೇ ಇದೆ. ಅದನ್ನು ಶನಿವಾರ, ಭಾನುವಾರ, ರಜಾ ದಿನಗಳಿಗೂ ವಿಸ್ತರಿಸಲಿ. ಬೆಟ್ಟದ ನಿವಾಸಿಗಳಿಗೆ ಪಾಸ್ ಕೊಡಲಿ. ನಡೆಯಲಾಗದವರ ವಾಹನಕ್ಕೆ ವಿನಾಯಿತಿ ಇರಲಿ. ಹೆಲಿಪ್ಯಾಡ್‌ನಲ್ಲಿ ನೆರಳು, ಕುಡಿಯುವ ನೀರು, ಶೌಚಾಲಯ ಆಗಲಿ, ಹತ್ತು ನಿಮಿಷಕ್ಕೊಂದು ಬಸ್ ಓಡಲಿ. ಮೆಟ್ಟಿಲ ದಾರಿಯಲ್ಲಿ ಸಡಿಲವಾದ ಕಲ್ಲುಗಳನ್ನು ಕಲ್ಲಿನಿಂದಲೇ ಸರಿಮಾಡಲಿ, ಸಿಮೆಂಟ್ ಸುರಿಯುವುದು ಬೇಡ. ಮಳೆಗಾಲಕ್ಕೆ ಮುಂಚೆ ನಂದಿ ರಸ್ತೆಯ ಚರಂಡಿ ತೆರವಾಗಲಿ.